ಹಿಂದಿನ ಶಾಕ್‌ಗೆ ಹಣ ಕೊಡುವ ಮುನ್ನ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್ ಕುರಿತಾಗಿವೆ. ಮುಂದಿನ ಚಕ್ರವನ್ನು ಹಿಡಿದು ಕುಗ್ಗಿ ಏಳುವ ಫೋರ್ಕ್‌ನ ಜೊತೆಗೆ ಹಿಂದಿನ ಚಕ್ರಕ್ಕೂ ಶಾಕ್ ಇರುವ ಈ ಸೈಕಲ್ಲನ್ನು ನಮ್ಮ ಅಂಗಡಿಗಳಲ್ಲಿ ‘ಡಬಲ್ ಶಾಕರ್’ ಎನ್ನುತ್ತಾರೆ. ಎಲ್ಲ ಪತ್ರಗಳಲ್ಲೂ ಒಂದೇ ಚಿಂತೆ: ಕೈಯಲ್ಲಿರುವ ಹಣ ಕಡಿಮೆ, ಅದು ವ್ಯರ್ಥವಾಗಬಾರದು. ಹಾಗಾಗಿ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ, ಎತ್ತರ 5 ಅಡಿ 7 ಅಂಗುಲ, ತೂಕ 70 ಕೆ.ಜಿ. ಕಾಫಿ ತೋಟಗಳ ನಡುವಿನ ಕಲ್ಲುರಸ್ತೆಗಳಲ್ಲಿ, ಮರದ ಬೇರುಗಳಿರುವ ಇಳಿಜಾರುಗಳಲ್ಲಿ ಸೈಕಲ್ ಹೊಡೆಯುವ ಅಭ್ಯಾಸವಿದೆ. 70 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯಲ್ಲಿ 28 ಸಾವಿರಕ್ಕೇ ಒಂದು ಡಬಲ್ ಶಾಕರ್ ತೋರಿಸಿದರು. ಇಷ್ಟು ಕಡಿಮೆಗೆ ಸಿಗುವಾಗ ಕೆಲವರು ಲಕ್ಷಗಟ್ಟಲೆ ಏಕೆ ಕೊಡುತ್ತಾರೆ? ನನ್ನ ಹಣಕ್ಕೆ ಯಾವುದು ಸೂಕ್ತ? – ಓದುಗರು, ಮೂಡಿಗೆರೆ

ಉತ್ತರ: ಅಂಗಡಿಯಲ್ಲಿ ತೋರಿಸಿದ ಸೈಕಲ್ಲಿನಿಂದಲೇ ಆರಂಭಿಸೋಣ. ಆ ಬೆಲೆಯ ಸೈಕಲ್ಲಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಬರಿಯ ಸ್ಪ್ರಿಂಗ್. ಸ್ಪ್ರಿಂಗ್ ಹೊಡೆತವನ್ನು ನುಂಗಿಕೊಳ್ಳುತ್ತದೆ, ಆದರೆ ಮರುಕ್ಷಣವೇ ಅದನ್ನು ಅಷ್ಟೇ ಬಿರುಸಾಗಿ ವಾಪಸು ಕೊಡುತ್ತದೆ. ಈ ಮರುಪುಟಿತವನ್ನು ತಡೆದು ನಿಧಾನಗೊಳಿಸುವ ಏರ್ಪಾಡಿಗೆ ಡ್ಯಾಂಪಿಂಗ್ ಎಂದು ಹೆಸರು; ಶಾಕ್‌ನ ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾದುಹೋಗುವಾಗ ಹೊಡೆತದ ಶಕ್ತಿ ಶಾಖವಾಗಿ ಬದಲಾಗಿ ಕಳೆದುಹೋಗುತ್ತದೆ. ಎಣ್ಣೆ ಸೋರಿಹೋದ ಶಾಕ್‌ಗಳಿರುವ ಹಳೆಯ ಮೋಟಾರ್ ಬೈಕಿನ ಹಿಂದೆ ಕುಳಿತು ಹಂಪ್ ದಾಟಿದವರಿಗೆ ಡ್ಯಾಂಪಿಂಗ್ ಇಲ್ಲದ ಸ್ಪ್ರಿಂಗ್ ಹೇಗೆ ವರ್ತಿಸುತ್ತದೆಂದು ಬೇರೆ ಹೇಳಬೇಕಿಲ್ಲ. ಸಾಲಾಗಿ ಬೇರುಗಳಿರುವ ಇಳಿಜಾರಿನಲ್ಲಿ ಹೀಗಾದರೆ ಹಿಂದಿನ ಚಕ್ರ ಪ್ರತಿ ಬೇರಿಗೂ ನೆಲ ಬಿಟ್ಟು ಪುಟಿಯುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿದು ಪ್ರಯೋಜನವಿಲ್ಲ.

ಇದನ್ನು ನೀವು ಅಂಗಡಿಯಲ್ಲೇ ಪರೀಕ್ಷಿಸಬಹುದು. ಸೀಟಿನ ಮೇಲೆ ಎರಡೂ ಕೈ ಊರಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿ, ಥಟ್ಟನೆ ಬಿಡಿ. ಡ್ಯಾಂಪಿಂಗ್ ಇರುವ ಶಾಕ್ ಒಂದೇ ಉಸಿರಿನಲ್ಲಿ ಮೇಲೆ ಬಂದು ಸುಮ್ಮನೆ ನಿಲ್ಲುತ್ತದೆ. ಇಲ್ಲದ್ದು ಮೇಲೆ ಹಾರಿ, ಮತ್ತೆ ತಗ್ಗಿ, ಇನ್ನೊಮ್ಮೆ ಏಳುತ್ತದೆ. ಶಾಕ್‌ನ ಮೇಲೆ ರಿಬೌಂಡ್ (ಮರುಪುಟಿತ) ಹೊಂದಿಸುವ ಸಣ್ಣ ಗುಬುಟು, ಹೆಚ್ಚಾಗಿ ಕೆಂಪು ಬಣ್ಣದ್ದು, ಇದೆಯೇ ಎಂದೂ ನೋಡಿ. ಅದನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಾಗ ಶಾಕ್ ಮೇಲೇಳುವ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಆಗಬೇಕು.

ತೂಕದ ವಿಷಯವನ್ನೂ ಮರೆಯಬೇಡಿ. ಕಬ್ಬಿಣದ ಚೌಕಟ್ಟಿನ ಅಗ್ಗದ ಡಬಲ್ ಶಾಕರ್‌ಗಳು 18 ಕೆ.ಜಿ.ಯ ಆಸುಪಾಸಿನಲ್ಲಿ ತೂಗುತ್ತವೆ, ಒಳ್ಳೆಯ ಟ್ರೇಲ್ ಬೈಕ್ (ಒರಟು ಕಾಲುದಾರಿಗೆ ಮಾಡಿದ ಸೈಕಲ್) 14ರಿಂದ 16 ಕೆ.ಜಿ. ಇರುತ್ತದೆ. ಮೂಡಿಗೆರೆಯ ಏರುಗಳಲ್ಲಿ ಆ ಹೆಚ್ಚುವರಿ ಭಾರವನ್ನು ಹೊರುವವರು ನೀವು. ಅದರ ಜೊತೆಗೆ ಪ್ರತಿ ಪೆಡಲ್ ತುಳಿತಕ್ಕೂ ಸ್ಪ್ರಿಂಗ್ ಕುಗ್ಗಿ ಏಳುವುದರಿಂದ ಕಾಲಿನ ಶಕ್ತಿಯ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಇನ್ನು, ಯಾವುದೇ ಸೈಕಲ್ಲಿನ ಜೊತೆ ಬರುವ ಕೈಪಿಡಿಯಲ್ಲಿ ಅದನ್ನು ಎಂಥ ಬಳಕೆಗೆ ತಯಾರಿಸಲಾಗಿದೆ ಎಂಬ ಸೂಚನೆಯನ್ನು ಹುಡುಕಿ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಎಎಸ್‌ಟಿಎಂ (ಅಮೆರಿಕದ ಮಾನಕ ಸಂಸ್ಥೆ) ವರ್ಗೀಕರಣದಲ್ಲಿ 1ನೇ ವರ್ಗ ಡಾಂಬರು ರಸ್ತೆಗೆ, 2ನೇ ವರ್ಗ ಜಲ್ಲಿರಸ್ತೆ ಮತ್ತು ಸುಮಾರು 15 ಸೆಂ.ಮೀ. ಒಳಗಿನ ಇಳಿತಗಳಿಗೆ, 3ನೇ ವರ್ಗ ಒರಟಾದ ಕಾಲುದಾರಿ ಮತ್ತು ಸುಮಾರು 60 ಸೆಂ.ಮೀ. ಒಳಗಿನ ಜಿಗಿತಗಳಿಗೆ. ನಿಮ್ಮ ತೋಟದ ಇಳಿಜಾರಿಗೆ ಕನಿಷ್ಠ 3ನೇ ವರ್ಗದ ಚೌಕಟ್ಟು ಬೇಕು. ಕಲ್ಲುದಾರಿಯ ಸವಾರಿಗೆ ಬಳಸಬಾರದು ಎಂದು ಕೈಪಿಡಿಯಲ್ಲಿ ಬರೆದು, ಕಲ್ಲುದಾರಿಗೆಂದೇ ಹುಟ್ಟಿದಂತೆ ಕಾಣುವ ಸೈಕಲ್ಲನ್ನು ಮಾರುವುದು ನನಗೆ ನಿಜವಾಗಿಯೂ ನೋವು ತರುವ ಸಂಗತಿ; ಅದನ್ನು ನಂಬಿ ಘಟ್ಟ ಇಳಿಯುವವರ ಹಲ್ಲು, ಭುಜ, ಮೊಣಕೈಗಳ ಪ್ರಶ್ನೆ ಇದು.

ಲಕ್ಷಗಟ್ಟಲೆ ಬೆಲೆಗೆ ಕಾರಣಗಳಿವೆ. ನಿಜವಾದ ಫುಲ್ ಸಸ್ಪೆನ್ಷನ್ ಚೌಕಟ್ಟಿನಲ್ಲಿ ಹಲವು ಕೀಲುಗಳೂ ಆ ಕೀಲುಗಳಿಗೆ ಬೇರಿಂಗ್‌ಗಳೂ ಗಾಳಿ ಮತ್ತು ಎಣ್ಣೆಯಿಂದ ಕೆಲಸ ಮಾಡುವ ಶಾಕ್ ಕೂಡ ಇರುತ್ತವೆ, ಇವೆಲ್ಲ ಒಂದಕ್ಕೊಂದು ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಬೇಕಾಗುತ್ತದೆ. ಅಂಥ ಸೈಕಲ್‌ಗಳು ನಮ್ಮಲ್ಲಿಗೆ ಬಹುತೇಕ ಹೊರದೇಶಗಳಿಂದಲೇ ಬರುತ್ತವೆ. 2023ರ ಕೇಂದ್ರ ಬಜೆಟ್‌ನಲ್ಲಿ ಸೈಕಲ್ ಆಮದು ಸುಂಕ ಶೇ. 30ರಿಂದ 35ಕ್ಕೆ ಏರಿತು. ಹೀಗಾಗಿ ನಂಬಬಹುದಾದ ಹೊಸ ಫುಲ್ ಸಸ್ಪೆನ್ಷನ್ ಸೈಕಲ್ ನಮ್ಮಲ್ಲಿ ಒಂದೂವರೆ ಲಕ್ಷಕ್ಕಿಂತ ಕೆಳಗೆ ಸಿಗುವುದು ಕಷ್ಟ.

ಆದ್ದರಿಂದ 70 ಸಾವಿರಕ್ಕೆ ನನ್ನ ಸ್ಪಷ್ಟ ಸಲಹೆ ಒಳ್ಳೆಯ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. ಅದರಲ್ಲೂ ಮೊದಲು ನೋಡಬೇಕಾದುದು ಫೋರ್ಕ್. ಸನ್‌ಟೂರ್ ಎಕ್ಸ್‌ಸಿಟಿ, ಎಕ್ಸ್‌ಸಿಎಂನಂತಹ ಸ್ಪ್ರಿಂಗ್ ಫೋರ್ಕ್‌ಗಳು ಊರೊಳಗಿನ ಗುಂಡಿಗಳಿಗೆ ಸಾಕು, ನಿಮ್ಮ ದಾರಿಗೆ ಸಾಲವು. ಸನ್‌ಟೂರ್ ರೈಡಾನ್, ರಾಕ್‌ಶಾಕ್ಸ್ ರೀಕಾನ್‌ನಂತಹ 32 ಮಿ.ಮೀ. ದಪ್ಪದ ಕೊಳವೆಗಳಿರುವ ಏರ್ ಫೋರ್ಕ್ ಇರಲಿ. ಗಾಳಿಯ ಒತ್ತಡವನ್ನು ನಿಮ್ಮ ತೂಕಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು, ರಿಬೌಂಡ್ ಕೂಡ ಬದಲಿಸಬಹುದು. ಈಗಲೇ ಅಂಥ ಫೋರ್ಕ್ ಇರುವ ಸೈಕಲ್ ನಿಲುಕದಿದ್ದರೆ, ಮುಂದೆ ಹಾಕಿಸಿಕೊಳ್ಳಲು ಅನುವಾಗುವಂತೆ ಚೌಕಟ್ಟಿನ ಹೆಡ್ ಟ್ಯೂಬ್ (ಫೋರ್ಕ್ ಕೂರುವ ಮುಂದಿನ ಕೊಳವೆ) ಕೆಳಗೆ ಅಗಲವಾಗುತ್ತ ಹೋಗುವ ಟೇಪರ್ಡ್ ಮಾದರಿಯದೇ ಎಂದು ಖಚಿತಪಡಿಸಿಕೊಳ್ಳಿ. ಮೇಲಿಂದ ಕೆಳಗೆ ಒಂದೇ ಅಳತೆಯ ಹಳೆಯ ಮಾದರಿಗೆ ಈಗಿನ ಒಳ್ಳೆಯ ಫೋರ್ಕ್‌ಗಳು ಕೂರುವುದಿಲ್ಲ. ಚಕ್ರಗಳಿಗೆ ಸನ್ನೆಯಿಂದ ಬಿಗಿಸುವ ಕ್ವಿಕ್ ರಿಲೀಸ್‌ಗಿಂತ, ತೂತಿನ ಮೂಲಕ ಹಾಯಿಸಿ ಬಿಗಿಸುವ ದಪ್ಪ ಅಚ್ಚು, ಅಂದರೆ ಥ್ರೂ ಆಕ್ಸಲ್ ಇದ್ದರೆ ಇನ್ನೂ ಉತ್ತಮ.

ಬ್ರೇಕ್ ಹೈಡ್ರಾಲಿಕ್ ಡಿಸ್ಕ್ ಆಗಿರಲೇಬೇಕು, ಈ ಒಂದು ವಿಷಯದಲ್ಲಿ ರಾಜಿ ಬೇಡ. ಉದ್ದನೆಯ ಇಳಿಜಾರಿನಲ್ಲಿ ಕೇಬಲ್ ಎಳೆಯುವ ಬ್ರೇಕ್‌ಗೆ ಕೈಬೆರಳುಗಳು ಸೋತುಹೋಗುತ್ತವೆ. ಗೇರಿನಲ್ಲಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ದೊಡ್ಡ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಇರುವ ಏರ್ಪಾಡು ಸರಳ. ಶಿಮಾನೊ ಡಿಯೋರ್ ಸಿಕ್ಕರೆ ಸಂತೋಷ, ಮೈಕ್ರೋಶಿಫ್ಟ್ ಅಡ್ವೆಂಟ್ ಕೂಡ ಕಲ್ಲುದಾರಿಯಲ್ಲಿ ಚೆನ್ನಾಗಿ ಬಾಳುತ್ತದೆ. ನಿಮ್ಮ ಎತ್ತರಕ್ಕೆ ಹೆಚ್ಚಿನ ತಯಾರಕರ ಮೀಡಿಯಂ ಅಳತೆ ಹೊಂದುತ್ತದೆ. 70 ಸಾವಿರವನ್ನೂ ಸೈಕಲ್ಲಿಗೇ ಸುರಿಯಬೇಡಿ. 50ರಿಂದ 55 ಸಾವಿರದಲ್ಲಿ ಸೈಕಲ್ ಮುಗಿಸಿ, ಉಳಿದ ಹಣದಲ್ಲಿ ಹೆಲ್ಮೆಟ್, ಮಂಡಿ ಕವಚ, 2.3 ಅಥವಾ 2.4 ಅಂಗುಲ ಅಗಲದ ಒಳ್ಳೆಯ ಟೈರ್‌ಗಳನ್ನು ತೆಗೆದುಕೊಂಡು, ರಿಮ್ ಒಪ್ಪುವುದಾದರೆ ಟ್ಯೂಬ್‌ಲೆಸ್ ಮಾಡಿಸಿ. ಟ್ಯೂಬ್ ಇರುವಾಗ ಗಾಳಿ ಕಡಿಮೆ ಮಾಡಿದರೆ ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ ಟ್ಯೂಬ್ ತೂತಾಗುತ್ತದೆ. ಆ ಭಯ ಇಲ್ಲದ ಟ್ಯೂಬ್‌ಲೆಸ್‌ನಲ್ಲಿ ನಿಮ್ಮ ತೂಕಕ್ಕೆ ಮುಂದೆ 22–24, ಹಿಂದೆ 25–27 ಪಿಎಸ್‌ಐಯಷ್ಟು ಗಾಳಿಯಲ್ಲಿ ಓಡಿಸಬಹುದು. ಇಷ್ಟು ಕಡಿಮೆ ಖರ್ಚಿನಲ್ಲಿ ಸೊಂಟಕ್ಕೆ ಇಷ್ಟು ಆರಾಮ ಕೊಡುವ ಬದಲಾವಣೆ ಬೇರೆ ಇಲ್ಲ.

ಪ್ರಶ್ನೆ: 2017ರ ಮಾದರಿಯ ಒಂದು ಫುಲ್ ಸಸ್ಪೆನ್ಷನ್ ಸೈಕಲ್ ಸೆಕೆಂಡ್ ಹ್ಯಾಂಡ್‌ನಲ್ಲಿ 85 ಸಾವಿರಕ್ಕೆ ಬಂದಿದೆ. 27.5 ಅಂಗುಲದ ಚಕ್ರ, 130 ಮಿ.ಮೀ. ಟ್ರಾವೆಲ್ (ಚಕ್ರ ಮೇಲಕ್ಕೆ ಆಡುವ ದೂರ). ಚಿತ್ರಗಳಲ್ಲಿ ಹೊಸದರಂತೆ ಕಾಣುತ್ತದೆ. ಕೊಳ್ಳುವ ಮೊದಲು ಏನೇನು ನೋಡಬೇಕು? – ಓದುಗರು, ಬೆಂಗಳೂರು

ಉತ್ತರ: ಕಡಿಮೆ ಹಣದಲ್ಲಿ ನಿಜವಾದ ಫುಲ್ ಸಸ್ಪೆನ್ಷನ್ ಪಡೆಯುವ ದಾರಿ ಇದೊಂದೇ, ಹಾಗಾಗಿ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಆದರೆ ಚಿತ್ರಗಳನ್ನು ನಂಬಬೇಡಿ. ಹಗಲು ಬೆಳಕಿನಲ್ಲಿ, ತೊಳೆದು ಒರೆಸಿದ ಸೈಕಲ್ಲನ್ನು ಎದುರಿಗಿಟ್ಟುಕೊಂಡು ನೋಡಿ.

ಮೊದಲು ಚೌಕಟ್ಟು. ವೆಲ್ಡಿಂಗ್ ಇರುವ ಜಾಗಗಳು, ಅದರಲ್ಲೂ ಹೆಡ್ ಟ್ಯೂಬಿನ ಹಿಂಭಾಗ, ಸೀಟಿನ ಕೊಳವೆ ಮೇಲಿನ ಕೊಳವೆಯನ್ನು ಸೇರುವಲ್ಲಿ, ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ) ಸುತ್ತ ಮತ್ತು ಹಿಂದಿನ ಚಕ್ರ ಹಿಡಿದಿರುವ ಕೈಗಳು ಕೂಡುವ ಕಡೆ ಬಣ್ಣದ ಮೇಲೆ ಕೂದಲಿನಂತಹ ಗೆರೆ ಕಂಡರೆ ಅದು ಬಣ್ಣ ಬಿರಿದದ್ದೋ ಲೋಹ ಬಿರಿದದ್ದೋ ಎಂದು ವಾದಕ್ಕಿಳಿಯಬೇಡಿ, ಅಲ್ಲಿಂದ ಎದ್ದು ಬನ್ನಿ.

ಬಳಿಕ ಕೀಲುಗಳು. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಸೀಟನ್ನು ಹಿಡಿದು ಹಿಂದಿನ ಚಕ್ರ ನೆಲ ಬಿಡದಷ್ಟು ಮಾತ್ರ ಮೆಲ್ಲಗೆ ಎತ್ತಿ ಇಳಿಸಿ. ‘ಟಕ್’ ಎಂಬ ಸಣ್ಣ ಹೊಡೆತ ಕೈಗೆ ತಾಗಿದರೆ ಶಾಕ್‌ನ ತುದಿಗಳ ಬುಷ್ ಸವೆದಿರಬಹುದು, ಅದು ಅಗ್ಗದ ಬಿಡಿಭಾಗ. ಆಮೇಲೆ ಒಂದು ಕೈಯಲ್ಲಿ ಚೌಕಟ್ಟು, ಇನ್ನೊಂದರಲ್ಲಿ ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲುಗಿಸಿ. ಸಡಿಲ ಕಂಡರೆ ಅದು ಹಬ್‌ನಿಂದ ಬಂದದ್ದೋ ಕೀಲಿನದೋ ಎಂದು ತಿಳಿಯಲು, ಬೇರೊಬ್ಬರಿಗೆ ಅಲುಗಿಸಲು ಹೇಳಿ ನೀವು ಒಂದೊಂದೇ ಕೀಲಿನ ಸಂದಿಗೆ ಬೆರಳ ತುದಿ ಇಟ್ಟು ನೋಡಿ. ಯಾವುದು ಅಲುಗುತ್ತಿದೆಯೋ ಅದನ್ನು ಬೆರಳು ಗುರುತಿಸುತ್ತದೆ. ಬೇರಿಂಗ್ ಬದಲಿಸಿದರೆ ಸಾಮಾನ್ಯವಾಗಿ ಇದು ಸರಿಹೋಗುತ್ತದೆ. ಆದರೆ ಸಡಿಲವಾದ ಕೀಲಿನಲ್ಲೇ ಬಹುಕಾಲ ಓಡಿಸಿ ಬೇರಿಂಗ್ ಕೂರುವ ಗುಂಡಿಯೇ ಅಗಲವಾಗಿದ್ದರೆ ಆ ಚೌಕಟ್ಟಿಗೆ ಔಷಧವಿಲ್ಲ.

ಶಾಕ್ ಮತ್ತು ಫೋರ್ಕ್‌ನ ಹೊಳೆಯುವ ಕೊಳವೆಗಳ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಗುವ ಗೀರು ಅಥವಾ ಲೇಪ ಸವೆದು ಒಳಗಿನ ಲೋಹ ಮಾಸಲಾಗಿ ಕಾಣುವ ತಾಣ ಇದ್ದರೆ ಎಣ್ಣೆ, ಗಾಳಿ ಸೋರುವುದು ಖಚಿತ. ಸೈಕಲ್ಲಿನ ಮೇಲೆ ಕುಳಿತು ಶಾಕ್ ಕುಗ್ಗಿಸಿದಾಗ ಒಳಗಿನಿಂದ ಪಿಚಪಿಚ ಸದ್ದು ಬಂದರೆ ಎಣ್ಣೆಯೊಳಗೆ ಗಾಳಿ ಸೇರಿದೆ, ಡ್ಯಾಂಪಿಂಗ್ ಹೋಗಿದೆ ಎಂದು ತಿಳಿಯಿರಿ. ಗಾಳಿ ಹಾಕಿದರೂ ಕುಗ್ಗಿಯೇ ನಿಲ್ಲುವ ಶಾಕ್ ಇದ್ದರೆ ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಖಂಡಿತ ಬೇಡ, ಒಳಗೆ ಸಿಕ್ಕಿಕೊಂಡ ಒತ್ತಡದಿಂದ ಅದು ಸಿಡಿಯಬಹುದು. ಅಂದ ಹಾಗೆ, ಶಾಕ್ ಪಂಪ್ ಜೋಡಿಸಿದ ಕೂಡಲೇ ಸ್ವಲ್ಪ ಗಾಳಿ ಪಂಪ್‌ನ ಕೊಳವೆಯೊಳಗೆ ಹೋಗುವುದರಿಂದ ಮೊದಲು ಹಾಕಿದ್ದಕ್ಕಿಂತ ಕಡಿಮೆ ಅಂಕಿ ತೋರುತ್ತದೆ. ಅದನ್ನು ಸೋರಿಕೆಯೆಂದು ಎಣಿಸಿ ಮಾರುವವರೊಡನೆ ಜಗಳವಾಡಬೇಡಿ.

ತಯಾರಕರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಪ್ರತಿ 50 ಗಂಟೆಗಳ ಸವಾರಿಗೆ ಸಣ್ಣ ಸರ್ವಿಸ್, 200 ಗಂಟೆಗಳಿಗೆ ಡ್ಯಾಂಪರ್ ಸಮೇತ ಪೂರ್ಣ ಸರ್ವಿಸ್ ಎಂದಿರುತ್ತದೆ. ಕೊನೆಯ ಬಾರಿ ಯಾವಾಗ ಮಾಡಿಸಿದರು ಎಂದು ಕೇಳಿ, ರಸೀದಿ ಇಲ್ಲದಿದ್ದರೆ ಮಾಡಿಸಿಲ್ಲವೆಂದೇ ಭಾವಿಸಿ. ನಿಮ್ಮ ಊರಿನ ಸರ್ವಿಸ್‌ನವರಿಂದ ಶಾಕ್, ಫೋರ್ಕ್ ಎರಡಕ್ಕೂ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ, ಆ ಮೊತ್ತವನ್ನು ಚೌಕಾಸಿಯಲ್ಲಿ ಕಳೆಯಿರಿ. ಚೈನ್ ಮತ್ತು ಕ್ಯಾಸೆಟ್ ಸವೆದಿದ್ದರೆ ಅದನ್ನೂ ಕಳೆಯಿರಿ.

ಬಿಡಿಭಾಗ ಸಿಗುತ್ತದೆಯೇ ಎಂಬುದು ಇನ್ನೊಂದು ದೊಡ್ಡ ಪ್ರಶ್ನೆ. ಶಾಕ್‌ನ ಮೇಲೆ 200×57 ಅಥವಾ 210×50 ಎಂಬಂತೆ ಅಳತೆ ಬರೆದಿರುತ್ತದೆ. ಮೊದಲನೆಯದು ಶಾಕ್‌ನ ಪೂರ್ತಿ ಉದ್ದ, ಎರಡನೆಯದು ಅದು ಕುಗ್ಗುವಷ್ಟು ದೂರ, ಎರಡೂ ಮಿ.ಮೀ.ಗಳಲ್ಲಿ. 2016ರಲ್ಲಿ ಮೆಟ್ರಿಕ್ ಅಳತೆಗಳು ಬಂದ ಮೇಲೆ ಹಳೆಯ ಅಳತೆಯ ಶಾಕ್‌ಗಳ ಆಯ್ಕೆ ಕುಗ್ಗುತ್ತ ಬಂದಿದೆ, ಆದರೂ 200×57 ಇನ್ನೂ ಸಿಗುತ್ತದೆ. ತಯಾರಕರು ತಮಗಾಗಿಯೇ ಮಾಡಿಸಿಕೊಂಡ ವಿಶೇಷ ಅಳತೆಯಾಗಿದ್ದರೆ ಆ ಸೈಕಲ್ ಬಿಟ್ಟುಬಿಡಿ. ಗೇರ್ ಬದಲಿಸುವ ಹಿಂದಿನ ಡಿರೇಲರ್ ತಗುಲಿಸುವ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡು ಬಿದ್ದಾಗಲೆಲ್ಲ ಬಾಗುವಂಥದ್ದು ಮತ್ತು ಬಹುತೇಕ ಪ್ರತಿ ಮಾದರಿಗೂ ಬೇರೆ. ಹಣ ಕೊಡುವ ಮುನ್ನ ಅದು ಸಿಗುತ್ತದೆಂದು ತಿಳಿದುಕೊಳ್ಳಿ, ಸಾಧ್ಯವಾದರೆ ಎರಡನ್ನು ತರಿಸಿಟ್ಟುಕೊಳ್ಳಿ. ಕೊನೆಯದಾಗಿ, ಮೊದಲ ಖರೀದಿಯ ಬಿಲ್ ಕೇಳಿ, ಬಾಟಮ್ ಬ್ರಾಕೆಟ್‌ನ ಅಡಿಯಲ್ಲಿರುವ ಫ್ರೇಮ್ ಸಂಖ್ಯೆಯನ್ನು ಅದರೊಡನೆ ತಾಳೆ ನೋಡಿ. ಚೌಕಟ್ಟಿನ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗಷ್ಟೇ ಅನ್ವಯಿಸುತ್ತದೆ ಎಂಬುದನ್ನೂ ಬೆಲೆಯಲ್ಲಿ ಲೆಕ್ಕ ಹಿಡಿಯಿರಿ.

ಪ್ರಶ್ನೆ: ನನ್ನ ಬಳಿ ಈಗಾಗಲೇ ಹಾರ್ಡ್‌ಟೇಲ್ ಇದೆ. ಅದಕ್ಕೆ ಹಿಂದೆ ಶಾಕ್ ಕೂರಿಸಲು ಬರುತ್ತದೆಯೇ? – ಓದುಗರು, ಶಿವಮೊಗ್ಗ

ಉತ್ತರ: ಬರುವುದಿಲ್ಲ. ಹಾರ್ಡ್‌ಟೇಲಿನ ಹಿಂದಿನ ತ್ರಿಕೋನ ಚೌಕಟ್ಟಿಗೆ ಬೆಸೆದುಕೊಂಡಿರುತ್ತದೆ, ಅದನ್ನು ಕತ್ತರಿಸಿ ಕೀಲು ಹಾಕಿಸುವ ವೆಲ್ಡಿಂಗ್ ಕೆಲಸಕ್ಕೆ ದಯವಿಟ್ಟು ಕೈಹಾಕಬೇಡಿ. ಸೀಟಿನ ಕುಲುಕಾಟ ತಗ್ಗಬೇಕಾದರೆ ಸಸ್ಪೆನ್ಷನ್ ಸೀಟ್‌ಪೋಸ್ಟ್ ಹಾಕಿಸಬಹುದು. ಆದರೆ ಅದರಿಂದ ಕುಳಿತಾಗ ಮಾತ್ರ ಪ್ರಯೋಜನ, ಪೆಡಲ್ ಮೇಲೆ ಎದ್ದು ನಿಂತು ಇಳಿಯುವಾಗ ಇಲ್ಲ.

ಪ್ರಶ್ನೆ: ಹದಿಮೂರು ವರ್ಷದ ಮಗ ಶಾಲೆಗೆ ಹೋಗಲು ಡಬಲ್ ಶಾಕರ್ ಬೇಕೆಂದು ಹಟ ಹಿಡಿದಿದ್ದಾನೆ. ಗೆಳೆಯರ ಬಳಿ ಇದೆಯಂತೆ. ನಮ್ಮ ಮಿತಿ 15 ಸಾವಿರ. ಕೊಡಿಸೋಣವೇ? – ತಾಯಿಯೊಬ್ಬರು, ಹುಬ್ಬಳ್ಳಿ

ಉತ್ತರ: ಅಮ್ಮ, ನಿಮ್ಮ ಮಗನ ಆಸೆ ಸಹಜವಾದದ್ದು, ಅದನ್ನು ಗದರಿಸಿ ಸುಮ್ಮನಾಗಿಸಬೇಡಿ. ಅಂಗಡಿಗೆ ಅವನನ್ನೂ ಕರೆದುಕೊಂಡು ಹೋಗಿ, ಅದೇ ಬೆಲೆಯ ಎರಡು ಸೈಕಲ್‌ಗಳನ್ನು, ಅಂದರೆ ಒಂದು ಡಬಲ್ ಶಾಕರ್, ಇನ್ನೊಂದು ಶಾಕ್ ಇಲ್ಲದ ಅಲ್ಯೂಮಿನಿಯಂ ಚೌಕಟ್ಟಿನದು, ಎರಡನ್ನೂ ಕೈಯಿಂದ ಎತ್ತಿ ನೋಡಲು ಹೇಳಿ. ಬಳಿಕ ಎರಡನ್ನೂ ಒಂದು ಫ್ಲೈಓವರಿನ ಏರಿನಲ್ಲಿ ಹೊಡೆಯಲು ಬಿಡಿ. ದಿನವೂ ಬೆನ್ನಿಗೆ ಪುಸ್ತಕದ ಚೀಲ ಹೊತ್ತು ಹೋಗುವ ಹುಡುಗನಿಗೆ ಯಾವುದು ಹಗುರವೆಂದು ಅವನ ಕಾಲುಗಳೇ ತಿಳಿಸುತ್ತವೆ. 15 ಸಾವಿರದಲ್ಲಿ ಎರಡು ಶಾಕ್‌ಗಳಿಗೆ ಹೋಗುವ ಹಣವನ್ನು ಬ್ರೇಕ್, ಟೈರ್, ಚಕ್ರಗಳಿಂದಲೇ ಕಿತ್ತುಕೊಂಡಿರುತ್ತಾರೆ. ಶಾಲೆಯ ದಾರಿಗೆ ಬೇಕಾದುದು ಚೆನ್ನಾಗಿ ಹಿಡಿಯುವ ಬ್ರೇಕ್, ತುಸು ಅಗಲವಾದ ಟೈರ್, ಮಡ್‌ಗಾರ್ಡ್, ದೀಪ ಮತ್ತು ಹೆಲ್ಮೆಟ್. ಬೆಳೆಯುವ ವಯಸ್ಸಾದ್ದರಿಂದ ಸೀಟು ಎತ್ತರಿಸಲು ಅವಕಾಶವಿರುವ ಅಳತೆಯನ್ನೇ ಆರಿಸಿ, ಆದರೆ ನೆಲಕ್ಕೆ ಕಾಲು ಎಟುಕದಷ್ಟು ದೊಡ್ಡದು ಬೇಡ.

ಪ್ರಶ್ನೆ: ಒಂದು ಲಕ್ಷ 70 ಸಾವಿರದವರೆಗೆ ಹೊಸ ಫುಲ್ ಸಸ್ಪೆನ್ಷನ್ ಕೊಳ್ಳಬೇಕೆಂದಿದ್ದೇನೆ. ಟ್ರಾವೆಲ್ ಎಷ್ಟಿರಬೇಕು? ಸಿಂಗಲ್ ಪಿವಟ್ ಕಳಪೆ, ಹಾರ್ಸ್ಟ್ ಲಿಂಕ್ ಮಾತ್ರ ಒಳ್ಳೆಯದು ಎನ್ನುತ್ತಾರೆ, ನಿಜವೇ? – ಓದುಗರು, ಮಡಿಕೇರಿ

ಉತ್ತರ: ಟ್ರಾವೆಲ್ ಎಂದರೆ ಚಕ್ರ ಮೇಲಕ್ಕೆ ಚಲಿಸಬಲ್ಲ ದೂರ. ಏರುವುದೂ ಇಳಿಯುವುದೂ ಎರಡೂ ಇರುವ ಕೊಡಗಿನ ದಾರಿಗಳಿಗೆ 120ರಿಂದ 140 ಮಿ.ಮೀ. ಸಾಕು. ಅಂಗಡಿಯವರು 160 ಮಿ.ಮೀ. ಎಂದು ಆಸೆ ತೋರಿಸಿದರೆ ಅದು ಕಡಿದಾದ ಇಳಿಜಾರುಗಳಿಗೆ ಮಾಡಿದ್ದು, ಏರಿನಲ್ಲಿ ನಿಮ್ಮನ್ನು ದಣಿಸುತ್ತದೆ ಎಂದು ನೆನಪಿಡಿ.

ಪಿವಟ್, ಅಂದರೆ ಹಿಂದಿನ ಚೌಕಟ್ಟಿನ ಕೀಲಿನ ಬಗೆಗಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಚೈನ್‌ಸ್ಟೇ (ಪೆಡಲ್‌ನಿಂದ ಹಿಂದಿನ ಚಕ್ರದವರೆಗಿನ ಕೆಳಗಿನ ಕೊಳವೆ) ಮೇಲೆ, ಚಕ್ರದ ಅಕ್ಷಕ್ಕಿಂತ ಮುಂದೆ ಒಂದು ಕೀಲು ಇಟ್ಟರೆ ಬ್ರೇಕ್ ಹಿಡಿದಾಗಲೂ ಹಿಂದಿನ ಸಸ್ಪೆನ್ಷನ್ ಸಲೀಸಾಗಿ ಆಡುತ್ತದೆ ಎಂಬುದು ಹಾರ್ಸ್ಟ್ ಲೈಟ್ನರ್ ಅವರ ವಿನ್ಯಾಸ, ಹಾರ್ಸ್ಟ್ ಲಿಂಕ್ ಎಂದರೆ ಇದೇ. ಆ ಪೇಟೆಂಟನ್ನು ಸ್ಪೆಷಲೈಜ್ಡ್ ಕಂಪನಿ 1998ರಲ್ಲಿ ಕೊಂಡಿತ್ತು. ಅವಧಿ ಮುಗಿದ ಮೇಲೆ ಹಲವು ಕಂಪನಿಗಳು ಅದನ್ನು ಬಳಸುತ್ತಿವೆ. ಒಳ್ಳೆಯ ವಿನ್ಯಾಸವೇ ಸರಿ. ಆದರೆ ಕೀಲುಗಳು ಕಡಿಮೆಯಿರುವ ಸಿಂಗಲ್ ಪಿವಟ್‌ಗೆ ಬೇರಿಂಗ್‌ಗಳೂ ಕಡಿಮೆ, ಮಳೆನಾಡಿನಲ್ಲಿ ಅದೊಂದು ದೊಡ್ಡ ಅನುಕೂಲ. ಜೈಂಟ್ ಕಂಪನಿಯ ಸ್ಟಾನ್ಸ್ ಮಾದರಿಯ ಫ್ಲೆಕ್ಸ್‌ಪಾಯಿಂಟ್ ಇಂಥ ಸರಳ ವ್ಯವಸ್ಥೆ. ನಿಮ್ಮ ಬೆಲೆಯಲ್ಲಿ ಕೀಲಿನ ವಿನ್ಯಾಸಕ್ಕಿಂತ ಶಾಕ್‌ನ ಗುಣಮಟ್ಟ, ಹತ್ತಿರದಲ್ಲಿ ಸರ್ವಿಸ್ ಸಿಗುವುದು, ಬ್ರೇಕ್, ಚೌಕಟ್ಟಿನ ಅಳತೆ ಇವೇ ಹೆಚ್ಚು ವ್ಯತ್ಯಾಸ ಮಾಡುತ್ತವೆ.

ಕೊಂಡ ದಿನವೇ ಸ್ಯಾಗ್ ಹೊಂದಿಸಿಕೊಳ್ಳಿ, ಇದನ್ನು ಮಾಡದೆ ಲಕ್ಷದ ಸೈಕಲ್ಲನ್ನು ದೂರುವವರು ಅನೇಕರು. ಸ್ಯಾಗ್ ಎಂದರೆ ನೀವು ಸುಮ್ಮನೆ ಕುಳಿತಾಗ ಶಾಕ್ ಕುಗ್ಗುವಷ್ಟು ಅಳತೆ. ನಿಮ್ಮ ತೂಕವನ್ನು ಪೌಂಡ್‌ಗೆ ಪರಿವರ್ತಿಸಿ ಅಷ್ಟೇ ಪಿಎಸ್‌ಐ ಗಾಳಿಯಿಂದ ಆರಂಭಿಸಬಹುದು, 70 ಕೆ.ಜಿ.ಗೆ ಸುಮಾರು 155. ಇದಕ್ಕೆ ಶಾಕ್ ಪಂಪೇ ಬೇಕು, ಚಕ್ರಕ್ಕೆ ಗಾಳಿ ಹಾಕುವ ಪಂಪ್ ನಡೆಯದು. ಶಾಕ್‌ನ ಕೊಳವೆಯ ಮೇಲಿರುವ ರಬ್ಬರ್ ಉಂಗುರವನ್ನು ಸೀಲ್‌ಗೆ ತಾಗುವಂತೆ ಸರಿಸಿ, ಗೋಡೆ ಹಿಡಿದು ನಿಧಾನವಾಗಿ ಕುಳಿತು, ಪುಟಿಯದೆ ಇಳಿದು, ಉಂಗುರ ಎಷ್ಟು ಸರಿದಿದೆ ಎಂದು ಅಳೆಯಿರಿ. ಶಾಕ್ 50 ಮಿ.ಮೀ. ಕುಗ್ಗುವಂಥದ್ದಾದರೆ 13ರಿಂದ 15 ಮಿ.ಮೀ. ಸರಿದಿರಬೇಕು. ಹೆಚ್ಚು ಸರಿದಿದ್ದರೆ ಗಾಳಿ ಸೇರಿಸಿ, ಕಡಿಮೆಯಾದರೆ ತೆಗೆಯಿರಿ. ಬೆನ್ನಿಗೆ ನೀರಿನ ಚೀಲ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಅಳೆಯುವಾಗಲೂ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಫುಲ್ ಸಸ್ಪೆನ್ಷನ್ ಸೈಕಲ್ ಇದನ್ನು ತಡೆಯುತ್ತದೆಯೇ? – ಓದುಗರು, ಶಿರಸಿ

ಉತ್ತರ: ತಡೆಯುತ್ತದೆ, ನೀವು ಅದಕ್ಕೆ ಸಮಯ ಕೊಟ್ಟರೆ. ಮಣ್ಣು ಒಣಗುವ ಮೊದಲೇ ಬಕೆಟ್ ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ವಾಟರ್ ಸರ್ವಿಸ್‌ನ ಬಿರುಸು ನೀರನ್ನು ಕೀಲು, ಹಬ್, ಶಾಕ್‌ನ ಸೀಲ್‌ಗಳ ಕಡೆ ತಿರುಗಿಸಬೇಡಿ, ಅದು ಗ್ರೀಸನ್ನು ಹೊರದೂಡಿ ನೀರನ್ನು ಒಳಗೆ ಸೇರಿಸುತ್ತದೆ. ತೊಳೆದ ಮೇಲೆ ಫೋರ್ಕ್ ಮತ್ತು ಶಾಕ್‌ನ ಕೊಳವೆಗಳನ್ನು ಹಳೆಯ ಹತ್ತಿಬಟ್ಟೆಯಿಂದ ಒರೆಸಿ, ಚೈನ್‌ಗೆ ಮಳೆಗಾಲದ ವೆಟ್ ಲೂಬ್ ಹಾಕಿ.

ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಹಿಂದಿನ ಕೀಲುಗಳನ್ನೆಲ್ಲ ಒಮ್ಮೆ ಬಿಚ್ಚಿಸಿ. ಬೇರಿಂಗನ್ನು ಬೆರಳಿನಿಂದ ತಿರುಗಿಸಿದಾಗ ಗರಗರ ಎಂದರೆ ಬದಲಿಸಬೇಕು. ಬೇರಿಂಗ್‌ನ ಅಂಚಿನಲ್ಲಿ 6902 ಎಂಬಂತೆ ಸಂಖ್ಯೆ ಇರುತ್ತದೆ, ಅದನ್ನು ಬರೆದುಕೊಂಡು ಹೋದರೆ ಸೈಕಲ್ ಅಂಗಡಿಯಲ್ಲಿ ಸಿಗದ್ದು ಯಂತ್ರಗಳ ಬೇರಿಂಗ್ ಅಂಗಡಿಯಲ್ಲಿ ಎಷ್ಟೋ ಸಲ ಸಿಗುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಮತ್ತೆ ಜೋಡಿಸುವಾಗ ಬೋಲ್ಟ್‌ಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕು. ನಿಮ್ಮ ಮೆಕ್ಯಾನಿಕ್ ಬಳಿ ಆ ರೆಂಚ್ ಇಲ್ಲವಾದರೆ ಈ ಒಂದು ಕೆಲಸಕ್ಕಾಗಿ ಹುಬ್ಬಳ್ಳಿಗೆ ಹೋಗಿ ಬಂದರೂ ಖರ್ಚು ದಂಡವಾಗುವುದಿಲ್ಲ.